ಅಂಕೆ ಬೇಕಿರುವುದು ಕಂಪನಿಗಳಿಗೆ

2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದವರು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್‌ಗಳಲ್ಲಿ ಖಾತೆ ಹೊಂದುವಂತಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಇಂಥ ನಿಷೇಧವನ್ನು ಮೊದಲು ಜಾರಿಗೆ ತಂದ ದೇಶ ಅದು. ಸುಮಾರು ಒಂದು ತಿಂಗಳಲ್ಲಿ 47 ಲಕ್ಷದಷ್ಟು ಖಾತೆಗಳನ್ನು ಕಂಪನಿಗಳು ತೆಗೆದಿವೆ ಅಥವಾ ನಿರ್ಬಂಧಿಸಿವೆ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಡೆನ್ಮಾರ್ಕ್, ಫ್ರಾನ್ಸ್, ಮಲೇಷ್ಯಾಗಳೂ ಅದೇ ದಾರಿಗೆ ಮುಖ ಮಾಡಿದವು. ನಮ್ಮ ನೆರೆಯ ಗೋವಾ, ಆಂಧ್ರಪ್ರದೇಶಗಳ ಸಚಿವರು ತಾವೂ ಇದನ್ನು ಪರಿಶೀಲಿಸುತ್ತಿರುವುದಾಗಿ ಹೇಳಿದರು. ಕರ್ನಾಟಕದಲ್ಲೂ ಈ ಮಾತು ಎದ್ದಿದೆ. ಊಟದ ತಟ್ಟೆಯ ಮುಂದೆ ಕೂತೂ ರೀಲ್ಸ್‌ನಿಂದ ಕಣ್ಣು ಕೀಳದ ಮಕ್ಕಳನ್ನು ನೋಡಿ ಸೋತ ತಂದೆ ತಾಯಂದಿರಿಗೆ ಇದು ಸಮಾಧಾನದ ಸುದ್ದಿಯಾಗಿ ಕೇಳಿಸಿದ್ದರೆ ಅದು ಸಹಜ.

ಆ ಕಳವಳ ನನ್ನದೂ ಹೌದು. ಜಾಲತಾಣಗಳು ಮಕ್ಕಳಿಗೆ ಮಾಡುತ್ತಿರುವ ಹಾನಿ ನಿಜ, ಅದನ್ನು ತಡೆಯಲು ಕಾನೂನು ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಾನೂನು ಯಾರ ಕೈ ಕಟ್ಟಬೇಕು ಎಂಬುದು ಮುಖ್ಯ. ಮಗುವನ್ನು ಹೊರಗಿಡುವ ಕಾನೂನಿಗಿಂತ, ಮಗುವಿನ ಗಮನವನ್ನೇ ಸರಕು ಮಾಡಿಕೊಂಡ ಕಂಪನಿಯನ್ನು ಕಟ್ಟಿಹಾಕುವ ಕಾನೂನು ನಮಗೆ ಹೆಚ್ಚು ಅಗತ್ಯ ಎಂದು ನಾನು ನಂಬುತ್ತೇನೆ.

ಮೊದಲು ಆಸ್ಟ್ರೇಲಿಯಾದ ಕಾನೂನಿನಲ್ಲಿ ಏನಿದೆ ಎಂದು ನೋಡೋಣ. 2024ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಸಂಸತ್ತು ಇದನ್ನು ಅಂಗೀಕರಿಸಿ, ಸಿದ್ಧತೆಗೆ ಒಂದು ವರ್ಷ ಕೊಟ್ಟಿತು. ಕಾನೂನು ಮುರಿದು ಖಾತೆ ತೆರೆದ ಮಗುವಿಗಾಗಲಿ, ತಂದೆ ತಾಯಿಗಾಗಲಿ ಶಿಕ್ಷೆಯಿಲ್ಲ. 16ಕ್ಕಿಂತ ಚಿಕ್ಕವರು ಖಾತೆ ಹೊಂದದಂತೆ ನೋಡಿಕೊಳ್ಳಲು ತಕ್ಕ ಕ್ರಮ ಕೈಗೊಳ್ಳುವುದು ಕಂಪನಿಯ ಹೊಣೆ. ತಪ್ಪಿದರೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ವಾಟ್ಸ್ಆ್ಯಪ್‌ನಂಥ ಸಂದೇಶ ಸೇವೆಗಳು, ಯೂಟ್ಯೂಬ್ ಕಿಡ್ಸ್, ಶಾಲೆಗಳು ಬಳಸುವ ಗೂಗಲ್ ಕ್ಲಾಸ್‌ರೂಂ ಇದರ ವ್ಯಾಪ್ತಿಗೆ ಬರುವುದಿಲ್ಲ. ಮೊದಲು ವಿನಾಯಿತಿ ಪಡೆದಿದ್ದ ಯೂಟ್ಯೂಬ್ ಅನ್ನು 2025ರ ಜುಲೈನಲ್ಲಿ ಪಟ್ಟಿಗೆ ಸೇರಿಸಲಾಯಿತು. ಆದರೂ ಖಾತೆ ಇಲ್ಲದೆ ಯೂಟ್ಯೂಬ್ ನೋಡಲು ಅಡ್ಡಿಯಿಲ್ಲ. ಅಂದರೆ ಮಗು ವಿಡಿಯೊ ನೋಡುವುದು ನಿಲ್ಲಲಿಲ್ಲ. ಖಾತೆಯ ಜೊತೆಗೆ ಪೋಷಕರು ಹಾಕಿಡಬಹುದಾಗಿದ್ದ ಮಿತಿಗಳು ಮಾತ್ರ ಹೋದವು.

ಇಷ್ಟು ದೊಡ್ಡ ಹೆಜ್ಜೆ ಇಡುವಷ್ಟು ಭಯ ಹುಟ್ಟಿದ್ದು ಹೇಗೆ? ಫೇಸ್‌ಬುಕ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಹೌಗೆನ್ 2021ರಲ್ಲಿ ಆ ಕಂಪನಿಯ ಒಳಗಿನ ಕಡತಗಳನ್ನು ಹೊರಗಿಟ್ಟರು. ತಮ್ಮ ದೇಹದ ಬಗ್ಗೆ ಮೊದಲೇ ಕೀಳರಿಮೆ ಇರುವ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂ ಆ ಭಾವನೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದರು. ಮರುವರ್ಷ ಬ್ರಿಟನ್ನಿನಲ್ಲಿ, 2017ರಲ್ಲಿ ಜೀವ ಕಳೆದುಕೊಂಡಿದ್ದ 14 ವರ್ಷದ ಮಾಲಿ ರಸೆಲ್ ಎಂಬ ಬಾಲಕಿಯ ಸಾವಿನ ವಿಚಾರಣೆ ಮುಗಿಯಿತು. ಆಕೆ ಜಾಲತಾಣಗಳಲ್ಲಿ ನೋಡಿದ್ದ ವಿಷಯಗಳಿಗೂ ಆ ಸಾವಿನಲ್ಲಿ ಪಾಲಿದೆ ಎಂದು ವಿಚಾರಣಾಧಿಕಾರಿ ತೀರ್ಮಾನಿಸಿದರು. ಆಕೆ ಹುಡುಕದಿದ್ದರೂ, ಹಿಂದೆ ನೋಡಿದ್ದರ ಆಧಾರದ ಮೇಲೆ ಅಂಥದ್ದೇ ಇನ್ನಷ್ಟನ್ನು ಜಾಲತಾಣದ ಶಿಫಾರಸು ಯಂತ್ರ ತಾನಾಗಿ ತಂದು ಮುಂದಿಟ್ಟಿತ್ತು.

2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ವಿವೇಕ್ ಮೂರ್ತಿ ಇಡೀ ದೇಶಕ್ಕೆ ಎಚ್ಚರಿಕೆ ಹೊರಡಿಸಿದರು. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮೂಲದ ಮನೆತನದವರು ಅವರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಇಮ್ಮಡಿ ಎಂದು ಅವರ ವರದಿ ಹೇಳಿತು. ಮರುವರ್ಷ ಅವರು, ಸಿಗರೇಟ್ ಪೊಟ್ಟಣದ ಮೇಲೆ ಇರುವಂತೆ ಜಾಲತಾಣಗಳ ಮೇಲೂ ಎಚ್ಚರಿಕೆಯ ಬರಹ ಇರಬೇಕು ಎಂದು ಒತ್ತಾಯಿಸಿದರು.

ವಿಜ್ಞಾನಿಗಳೆಲ್ಲ ಒಂದೇ ಮಾತು ಹೇಳುತ್ತಿಲ್ಲ ಎಂಬುದನ್ನೂ ಓದುಗರ ಮುಂದಿಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್, ಸ್ಮಾರ್ಟ್‌ಫೋನ್ ಮಕ್ಕಳ ಕೈಗೆ ಬಂದ ಕಾಲಕ್ಕೇ ಖಿನ್ನತೆ ಏರಿದೆ, ಆದ್ದರಿಂದ 16ರವರೆಗೆ ಜಾಲತಾಣ ಬೇಡ ಎನ್ನುತ್ತಾರೆ. ಆದರೆ ಸಂಶೋಧಕರಾದ ಏಮಿ ಓರ್ಬೆನ್ ಮತ್ತು ಆ್ಯಂಡ್ರ್ಯೂ ಪ್ರ್ಸಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿ, ಅವರ ನೆಮ್ಮದಿಯ ಏರಿಳಿತದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದು ಕಂಡುಕೊಂಡರು. ಈ ಎರಡೂ ಮಾತುಗಳು ಒಟ್ಟಿಗೆ ನಿಜವಾಗಬಲ್ಲವು. ಲಕ್ಷಾಂತರ ಮಕ್ಕಳ ಸರಾಸರಿ ತೆಗೆದರೆ ಹಾನಿ ಸಣ್ಣದಾಗಿ ಕಾಣುತ್ತದೆ. ಮೊದಲೇ ನೊಂದಿರುವ, ಒಂಟಿಯಾಗಿರುವ, ನಿದ್ದೆಗೆಟ್ಟ ಮಗುವಿಗೆ ಅದು ಬಲು ದೊಡ್ಡದಾಗಿರಬಹುದು. ಆ ಕೆಲವು ಮಕ್ಕಳನ್ನು ಗುರುತಿಸಿ ಕೈಹಿಡಿಯುವುದು ನಮ್ಮ ಕೆಲಸ. ವಯಸ್ಸಿನ ಗೆರೆಯೊಂದನ್ನು ಎಳೆದುಬಿಟ್ಟರೆ ಆ ಕೆಲಸ ತಾನಾಗಿ ಆಗುವುದಿಲ್ಲ.

ನಿಷೇಧದ ಪರವಾಗಿ ಇರುವ ವಾದಗಳಲ್ಲಿ ಒಂದು ತುಂಬ ಗಟ್ಟಿಯಾದದ್ದು. ಒಂದು ಮನೆಯವರು ಮಾತ್ರ ಮಗುವಿಗೆ ಬೇಡ ಎಂದರೆ ಆ ಮಗು ತರಗತಿಯಲ್ಲಿ ಒಂಟಿಯಾಗುತ್ತದೆ. ‘ಎಲ್ಲರ ಹತ್ರಾನೂ ಇದೆ, ನನ್ನ ಹತ್ರ ಮಾತ್ರ ಇಲ್ಲ’ ಎಂಬ ಮಾತಿಗೆ ಯಾವ ತಾಯಿಯ ಬಳಿಯೂ ಉತ್ತರವಿಲ್ಲ. ಕಾನೂನು ಎಲ್ಲರಿಗೂ ಒಟ್ಟಿಗೆ ಬೇಡ ಎಂದರೆ ಆ ಒಂಟಿತನ ಇರುವುದಿಲ್ಲ, ತಂದೆ ತಾಯಿಗೂ ಬೆನ್ನಿಗೊಂದು ಬಲ ಸಿಗುತ್ತದೆ. ನಿಷೇಧವನ್ನು ಒಪ್ಪದವರು ಈ ವಾದಕ್ಕೆ ಉತ್ತರ ಕೊಡಲೇಬೇಕು. ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಈಗ ನಮ್ಮ ದೇಶ. ಭಾರತದಲ್ಲಿ ಈ ವಿಷಯದ ಮೇಲೆ ಕಾನೂನೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಟ್ಟವರು ನಿಜವಾಗಿ ಪೋಷಕರೇ ಎಂದು ಖಚಿತಪಡಿಸಿಕೊಳ್ಳಬೇಕು. ಅದೇ ಕಾಯ್ದೆಯ 9ನೇ ಕಲಂನಲ್ಲಿ ಇನ್ನೊಂದು ಮಾತಿದೆ. ಮಕ್ಕಳ ಜಾಡು ಹಿಡಿದು ಅವರ ನಡವಳಿಕೆಯ ಮೇಲೆ ಕಣ್ಣಿಡುವುದು ಮತ್ತು ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ಕುರಿತ ಈ ಹೊಣೆಗಳನ್ನು ಮರೆತ ಕಂಪನಿಗೆ ₹200 ಕೋಟಿವರೆಗೆ ದಂಡ ಬೀಳಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಈ ಮುಖ್ಯ ಹೊಣೆಗಳನ್ನು ಜಾರಿಗೊಳಿಸಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಮಾತಾಡಿವೆ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಆಲಿಸುತ್ತಿದ್ದ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ, ಶಾಲಾ ಮಕ್ಕಳು ಜಾಲತಾಣಗಳಿಗೆ ಅಂಟಿಕೊಂಡಿರುವುದಕ್ಕೆ ಕಳವಳಪಟ್ಟು, 21ರಂಥ ವಯೋಮಿತಿ ತರುವುದು ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ, 13 ವರ್ಷದೊಳಗಿನವರಿಗೆ ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಇದು ನೀತಿ ರೂಪಿಸುವವರ ಕೆಲಸ, ಸರ್ಕಾರವನ್ನು ಕೇಳಿ ಎಂದಿತು. ಹಾಗಾಗಿ ತೀರ್ಮಾನ ಈಗ ಜನಪ್ರತಿನಿಧಿಗಳ ಮುಂದಿದೆ, ಅಂದರೆ ನಮ್ಮೆಲ್ಲರ ಮುಂದಿದೆ.

ಆಸ್ಟ್ರೇಲಿಯಾದ ಕಾನೂನನ್ನು ಹಾಗೇ ಎತ್ತಿ ತಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ ತನ್ನ 2024ರ ಅಸರ್ ಸಮೀಕ್ಷೆಗಾಗಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಮಾತಾಡಿಸಿತು. ಅವರಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಫೋನ್ ಬಳಸಿದವರು ಶೇ 57, ಜಾಲತಾಣಕ್ಕಾಗಿ ಬಳಸಿದವರು ಶೇ 76. ಆದರೆ ಬಳಸಲು ಬರುವವರ ಪೈಕಿಯೂ ಸ್ವಂತ ಫೋನ್ ಇರುವುದು ಹುಡುಗರಲ್ಲಿ ಶೇ 36, ಹುಡುಗಿಯರಲ್ಲಿ ಶೇ 27 ಮಾತ್ರ. ಉಳಿದವರು ಅಪ್ಪನ, ಅಮ್ಮನ, ಅಣ್ಣನ ಫೋನ್ ಹಿಡಿಯುತ್ತಾರೆ. ಸಿಮ್ ಅಪ್ಪನ ಹೆಸರಿನದು, ಖಾತೆಯೂ ಅಪ್ಪನದೇ. ಮಗು ಅದರಲ್ಲಿ ರೀಲ್ಸ್ ನೋಡಿದರೆ ಕಂಪನಿಯ ಲೆಕ್ಕದಲ್ಲಿ ನೋಡಿದವನು 42 ವರ್ಷದ ಗಂಡಸು. ಇಂಥ ಮನೆಯಲ್ಲಿ ‘16ರ ಒಳಗಿನವರಿಗೆ ಖಾತೆಯಿಲ್ಲ’ ಎಂಬ ಕಾನೂನು ಮುಟ್ಟುವುದು ಯಾರನ್ನು? ಪೋಷಕರ ಒಪ್ಪಿಗೆಯ ಕಥೆಯೂ ಇದೇ. ಅಮ್ಮನ ಫೋನಿಗೆ ಆ್ಯಪ್ ಹಾಕಿಕೊಟ್ಟು, ಬಂದ ಒಟಿಪಿ ಓದಿ ಹೇಳುವುದು ಹೈಸ್ಕೂಲಿನ ಮಗ ಅಥವಾ ಮಗಳೇ ಆಗಿರುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ.

ವಯಸ್ಸು ಪರೀಕ್ಷಿಸುವ ದಾರಿಗಳು ಮೂರು: ಗುರುತಿನ ಚೀಟಿ ಕೇಳುವುದು, ಮುಖದ ಚಿತ್ರ ತೆಗೆದು ವಯಸ್ಸು ಅಂದಾಜಿಸುವುದು, ಖಾತೆಯ ಚಟುವಟಿಕೆಯಿಂದ ಊಹಿಸುವುದು. ಮುಖ ನೋಡಿ ಅಂದಾಜಿಸುವ ಯಂತ್ರಕ್ಕೆ 12 ಮತ್ತು 25ರ ನಡುವಿನ ವ್ಯತ್ಯಾಸ ಸುಲಭ, 15 ಮತ್ತು 16ರ ನಡುವಿನದು ಕಷ್ಟ. ಎಲ್ಲ ಸಂದರ್ಭಕ್ಕೂ ಒಪ್ಪುವ ಒಂದೇ ವಿಧಾನ ಇಲ್ಲ ಎಂದು ಆಸ್ಟ್ರೇಲಿಯಾ ಸರ್ಕಾರ ನಡೆಸಿದ ಪ್ರಯೋಗವೇ ಹೇಳಿತು. ಗುರುತಿನ ಚೀಟಿಯೊಂದೇ ದಾರಿಯಾಗಕೂಡದು ಎಂದು ಅಲ್ಲಿನ ಕಾನೂನು ಕಂಪನಿಗಳಿಗೆ ಕಟ್ಟು ಹಾಕಿದೆ. ಆ ಎಚ್ಚರಿಕೆ ಸರಿ ಎಂದು ಆಮೇಲಿನ ಒಂದು ಘಟನೆ ತೋರಿಸಿತು. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಜಾಲತಾಣ, ವಯಸ್ಸಿಗೆ ಸಂಬಂಧಿಸಿದ ಮನವಿಗಳಿಗಾಗಿ ಬಳಕೆದಾರರು ಕೊಟ್ಟಿದ್ದ ಸುಮಾರು 70,000 ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಸೋರಿಹೋಗಿರಬಹುದು ಎಂದು ಒಪ್ಪಿಕೊಂಡಿತು. ಮಕ್ಕಳನ್ನು ಗುರುತಿಸಬೇಕಾದರೆ ದೊಡ್ಡವರೂ ತಾವು ದೊಡ್ಡವರೆಂದು ತೋರಿಸಿಕೊಡಬೇಕು. ಹಾಗೆ ಕೋಟ್ಯಂತರ ಜನರ ಮುಖ, ದಾಖಲೆಗಳು ಖಾಸಗಿ ಕಂಪನಿಗಳ ಕಪಾಟು ಸೇರುತ್ತವೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪನ್ನು ಪಡೆದುಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ಗಳಿಸಿಕೊಟ್ಟ ನಾಡಿನವರಾದ ನಾವು ಅದನ್ನು ಇಷ್ಟು ಅಗ್ಗಕ್ಕೆ ಬಿಟ್ಟುಕೊಡಬಾರದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಣ್ಣುಮಕ್ಕಳ ವಿಷಯ. ನಿಷೇಧವನ್ನು ಕಾಗದದ ಮೇಲೆ ಬರೆಯುವುದು ಸರ್ಕಾರ. ಮನೆಯೊಳಗೆ ಜಾರಿ ಮಾಡುವವರು ಅಪ್ಪ, ಅಣ್ಣ, ಚಿಕ್ಕಪ್ಪ. ಮಗನ ಕೈಯಲ್ಲಿ ಫೋನ್ ಕಂಡರೆ ‘ಸಾಕು, ಓದ್ಕೋ ಹೋಗೋ’ ಎಂದು ಮುಗಿಯುವ ಮಾತು, ಮಗಳ ಕೈಯಲ್ಲಿ ಕಂಡರೆ ‘ಯಾರ ಜೊತೆ ಮಾತಾಡ್ತಿದ್ದೆ’ ಎಂಬ ವಿಚಾರಣೆಯಾಗುತ್ತದೆ. ಅಲ್ಲಿಂದ ಶಾಲೆ ಬಿಡಿಸುವುದಕ್ಕೆ, ಗಂಡು ನೋಡುವುದಕ್ಕೆ ಬಹಳ ದೂರವಿಲ್ಲ. ಕಾನೂನೇ ಬೇಡ ಎಂದಿದೆ ಎಂಬ ಮಾತು ಆ ಅನುಮಾನದ ಕೈಗೆ ಕೋಲು ಕೊಡುತ್ತದೆ. 2019ರಲ್ಲಿ ಕೇರಳ ಹೈಕೋರ್ಟಿಗೆ ಬಂದದ್ದು ಇಂಥದ್ದೇ ಪ್ರಕರಣ. ಸಂಜೆ ಹೊತ್ತು ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳಬಾರದೆಂಬ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಲಾಗಿತ್ತು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ನ್ಯಾಯಾಲಯ ಎತ್ತಿಹಿಡಿದು, ಆಕೆಯನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು.

ಬೆದರಿಕೆಗೆ ಸಿಕ್ಕಿಬಿದ್ದ ಹುಡುಗಿಯ ಸ್ಥಿತಿಯನ್ನೂ ನೆನೆಯಿರಿ. ಯಾರೋ ಅವಳ ಚಿತ್ರ ತಿರುಚಿ, ದುಡ್ಡು ಕೊಡು, ಇಲ್ಲದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಅವಳಿಗೆ ಇಂದೇ ಅಂಜಿಕೆ. ತಾನು ಖಾತೆ ತೆರೆದದ್ದೇ ಕಾನೂನುಬಾಹಿರ ಎಂದಾದರೆ ಅವಳು ಬಾಯಿ ಬಿಡುತ್ತಾಳೆಯೇ? ಮಾಲಿ ರಸೆಲ್‌ಳ ತಂದೆ ಇಯಾನ್ ರಸೆಲ್ ಮಗಳನ್ನು ಕಳೆದುಕೊಂಡ ಮೇಲೆ ಮಕ್ಕಳ ಆನ್‌ಲೈನ್ ಸುರಕ್ಷತೆಗೇ ತಮ್ಮನ್ನು ಮುಡಿಪಾಗಿಟ್ಟವರು. ಈ ಬಗೆಯ ಸಾರಾಸಗಟು ನಿಷೇಧವನ್ನು ಅವರೂ ಒಪ್ಪುವುದಿಲ್ಲ. ಕಂಪನಿಗಳ ಮೇಲೆ ಇರುವ ಕಾನೂನನ್ನು ಬಿಗಿಮಾಡಿ ಎನ್ನುತ್ತಾರೆ. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಬೆಲೆ ತೆತ್ತವರು ಯಾರಿದ್ದಾರೆ?

ನಿಷೇಧದ ಫಲ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಬೇರೆ, ಅದು ದೇಶದ ಭದ್ರತೆಯದು. ಆದರೆ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಆ್ಯಪ್ ಹೋಯಿತು, ಬೆರಳು ತಳ್ಳಿದಷ್ಟೂ ಮುಗಿಯದ ವಿಡಿಯೊಗಳ ಸಾಲು ಉಳಿಯಿತು. ದಕ್ಷಿಣ ಕೊರಿಯಾ 2011ರಲ್ಲಿ 16ರೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ ಕಾನೂನು ಮಾಡಿತ್ತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಬಳಸಿದರು; ಆಟವೇ ಕಂಪ್ಯೂಟರಿನಿಂದ ಮೊಬೈಲಿಗೆ ಜಾರಿತು. ಹತ್ತು ವರ್ಷಗಳ ಬಳಿಕ ಆ ದೇಶ ಕಾನೂನನ್ನು ಕೈಬಿಟ್ಟಿತು.

ಹಾಗಾದರೆ ಏನು ಮಾಡಿದರೆ ಕೆಲಸವಾಗುತ್ತದೆ? ಅದಕ್ಕೂ ನಿದರ್ಶನವಿದೆ. ಮಕ್ಕಳು ಬಳಸುವ ಸೇವೆಗಳನ್ನು ಮಕ್ಕಳ ಹಿತ ನೋಡಿಯೇ ರೂಪಿಸಬೇಕು ಎಂಬ ಸಂಹಿತೆಯನ್ನು ಬ್ರಿಟನ್ 2021ರ ಸೆಪ್ಟೆಂಬರ್‌ನಿಂದ ಕಡ್ಡಾಯ ಮಾಡಿತು. ಆ ಗಡುವು ಹತ್ತಿರ ಬರುತ್ತಿದ್ದಂತೆ ಕಂಪನಿಗಳು ಮೈಕೊಡವಿ ಎದ್ದವು. 18ರೊಳಗಿನವರಿಗೆ ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವುದನ್ನು ಯೂಟ್ಯೂಬ್ ನಿಲ್ಲಿಸಿತು. 13ರಿಂದ 15ರವರಿಗೆ ರಾತ್ರಿ 9ರ ಮೇಲೆ, 16-17ರವರಿಗೆ 10ರ ಮೇಲೆ ನೋಟಿಫಿಕೇಷನ್ ಕಳಿಸುವುದಿಲ್ಲ ಎಂದು ಟಿಕ್‌ಟಾಕ್ ಪ್ರಕಟಿಸಿತು. ಚಿಕ್ಕವರ ಹೊಸ ಖಾತೆಗಳನ್ನು ಇನ್‌ಸ್ಟಾಗ್ರಾಂ ಮೊದಲಿನಿಂದಲೇ ಖಾಸಗಿಯಾಗಿಟ್ಟಿತು. ವರ್ಷಗಟ್ಟಲೆ ಮಾಡದಿದ್ದ ಈ ಕೆಲಸಗಳನ್ನು ಕೆಲವೇ ತಿಂಗಳಲ್ಲಿ ಮಾಡಲು ಸಾಧ್ಯವಾಯಿತು ಎಂದರೆ, ಅವು ಹಿಂದೆಯೂ ಸಾಧ್ಯವಿದ್ದವು ಎಂದೇ ಅರ್ಥ. ಬಾವಿಗೆ ಕಟ್ಟೆ ಕಟ್ಟಿಸುವ ಹೊಣೆ ಬಾವಿ ತೋಡಿಸಿದವನದು. ಊರ ಮಕ್ಕಳನ್ನೆಲ್ಲ ಮನೆಯೊಳಗೆ ಕೂಡಿಹಾಕಿ ಆ ಹೊಣೆ ತಪ್ಪಿಸಿಕೊಳ್ಳಲು ಅವನಿಗೆ ಬಿಡಬಾರದು.

ನಾವು ಕೇಳಬೇಕಾದ್ದು ಕಷ್ಟದ್ದೇನಲ್ಲ. ಮಗು ಏನು ನೋಡಿತು, ಎಷ್ಟು ಹೊತ್ತು ನೋಡಿತು ಎಂದು ಜಾಡು ಹಿಡಿದು ಮುಂದಿನದನ್ನು ಉಣಿಸುವ ಶಿಫಾರಸು ಯಂತ್ರ ಮಕ್ಕಳ ಖಾತೆಯಲ್ಲಿ ಇರಕೂಡದು. ನಮ್ಮ ದತ್ತಾಂಶ ರಕ್ಷಣಾ ಕಾಯ್ದೆಯ 9ನೇ ಕಲಂ ಹೇಳುವುದೂ ಇದನ್ನೇ. ಅದನ್ನು ಜಾಹೀರಾತಿಗಷ್ಟೇ ಸೀಮಿತ ಮಾಡಿ ಓದಲು ಕಂಪನಿಗಳಿಗೆ ಬಿಡಬಾರದು. ರಾತ್ರಿ ಹೊತ್ತು ನೋಟಿಫಿಕೇಷನ್ ಬೇಡ. ಗುರುತಿಲ್ಲದ ದೊಡ್ಡವರು ಮಕ್ಕಳಿಗೆ ಸಂದೇಶ ಕಳಿಸಲು ಆಗಬಾರದು. ದೂರು ಕೊಡುವ ಗುಂಡಿ ಕನ್ನಡದಲ್ಲಿರಬೇಕು, ಕನ್ನಡದಲ್ಲಿ ಬಂದ ಬೈಗುಳ, ಬೆದರಿಕೆ ಅರ್ಥವಾಗುವ ಜನ ಆ ದೂರನ್ನು ಓದಬೇಕು. ಅಸರ್ ವರದಿಯ ಪ್ರಕಾರ ಜಾಲತಾಣ ಬಳಸುವ ಆ ಗ್ರಾಮೀಣ ಮಕ್ಕಳಲ್ಲಿ ಒಂದು ಪ್ರೊಫೈಲ್ ಅನ್ನು ಬ್ಲಾಕ್ ಮಾಡುವುದು, ರಿಪೋರ್ಟ್ ಮಾಡುವುದು ಗೊತ್ತಿದ್ದವರು ಶೇ 62 ಮಂದಿ. ಉಳಿದವರಿಗೆ ಅದನ್ನು ಶಾಲೆಯಲ್ಲೇ ಕಲಿಸಬೇಕು. ಜೊತೆಗೆ, ಕಂಪನಿಗಳ ಬಳಿಯಿರುವ ಮಾಹಿತಿ ನಮ್ಮ ಸಂಶೋಧಕರಿಗೆ ಸಿಗಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ತಂತ್ರಜ್ಞಾನದ ಚಟಕ್ಕೆಂದು ‘ಶಟ್’ ಕ್ಲಿನಿಕ್ ನಡೆಸುತ್ತಿದೆ. ಹಾನಿಯ ಅಳತೆ ಅಲ್ಲಿನ ವೈದ್ಯರಿಗೆ ಗೊತ್ತಾಗುವುದು ಮಗು ಕುಸಿದು ಅವರ ಬಳಿ ಬಂದ ಮೇಲೆ ಎಂಬಂತೆ ಇರಬಾರದು.

ಇನ್ನು, ತಂದೆ ತಾಯಿಯ ಒಂಟಿತನದ ಆ ಗಟ್ಟಿ ವಾದ. ಎಲ್ಲರೂ ಒಟ್ಟಿಗೆ ಬೇಡ ಎಂದರೆ ಮಾತ್ರ ಬೇಡ ಎನ್ನಲು ಸಾಧ್ಯ ಎಂಬುದು ನಿಜ. ಆದರೆ ‘ಎಲ್ಲರೂ’ ಎನ್ನುವುದು ದೇಶವೇ ಆಗಬೇಕಿಲ್ಲ. ಬೆಳಗಾವಿಗೆ ಅಂಟಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. 2022ರಲ್ಲಿ ಆ ಊರಿನವರು ಸಭೆ ಸೇರಿ ಒಂದು ತೀರ್ಮಾನಕ್ಕೆ ಬಂದರು. ಪ್ರತಿ ಸಂಜೆ 7ಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಊರಿನಲ್ಲಿ ಟಿ.ವಿ, ಮೊಬೈಲ್ ಬಂದ್. ಮಕ್ಕಳು ಓದಿಗೆ ಕೂರುತ್ತಾರೆ. ದೊಡ್ಡವರೂ ಫೋನ್ ಬದಿಗಿಡುತ್ತಾರೆ. ದೊಡ್ಡವರಿಗೂ ಅದೇ ನಿಯಮ ಇರುವುದರಿಂದ ಮಕ್ಕಳಿಗೆ ಅದು ಶಿಕ್ಷೆಯಾಗಿ ಕಾಣುವುದಿಲ್ಲ. ಇದನ್ನು ಒಂದು ಶಾಲೆಯ ಎಸ್‌ಡಿಎಂಸಿ ಮಾಡಬಹುದು, ಒಂದು ಅಪಾರ್ಟ್‌ಮೆಂಟಿನವರು ಮಾಡಬಹುದು, ಏಳನೇ ತರಗತಿಯ ಮಕ್ಕಳ ಪೋಷಕರೆಲ್ಲ ಸೇರಿ ಹೈಸ್ಕೂಲು ಮುಗಿಯುವವರೆಗೆ ಸ್ವಂತ ಸ್ಮಾರ್ಟ್‌ಫೋನ್ ಕೊಡುವುದಿಲ್ಲ ಎಂದು ಮಾತು ಕೊಟ್ಟುಕೊಳ್ಳಬಹುದು. ಹೋಂವರ್ಕ್ ಅನ್ನು ವಾಟ್ಸ್ಆ್ಯಪ್‌ಗೆ ಕಳಿಸಿ ಮಗುವಿನ ಕೈಗೆ ಫೋನ್ ಕೊಡಿಸುವ ಪದ್ಧತಿಯನ್ನು ಶಾಲೆಗಳು ನಿಲ್ಲಿಸಬಹುದು. ಇದಕ್ಕೆ ಯಾರ ಗುರುತಿನ ಚೀಟಿಯೂ ಬೇಕಿಲ್ಲ.

ಇಂಥ ಯಾವ ಸಭೆಯಲ್ಲೂ ಮಕ್ಕಳು ಇರಬೇಕು. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕೆಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಕೇಳಿ ನೋಡಿ: ಯಾವ ಆ್ಯಪ್ ತೆರೆದರೆ ಮುಚ್ಚಲಾಗುವುದಿಲ್ಲ, ಯಾವ ಸಂದೇಶ ಬಂದರೆ ಹೆದರಿಕೆಯಾಗುತ್ತದೆ, ಯಾವುದರಿಂದ ನಿಜಕ್ಕೂ ಪಾಠ ಕಲಿತೆ ಎಂದು ಅವರು ನಮಗಿಂತ ನಿಖರವಾಗಿ ಹೇಳುತ್ತಾರೆ.

ದತ್ತಾಂಶ ಕಾಯ್ದೆಯ 18 ತಿಂಗಳ ಗಡುವು 2027ರ ಮೇ ತಿಂಗಳಿಗೆ ಮುಗಿಯುತ್ತದೆ. 9ನೇ ಕಲಂ ಅನ್ನು ಹೇಗೆ ಓದುತ್ತಾರೆ, ಯಾರಿಗೆ ವಿನಾಯಿತಿ ಕೊಡುತ್ತಾರೆ, ಮೊದಲ ದಂಡ ಯಾವ ಕಂಪನಿಗೆ ಬೀಳುತ್ತದೆ ಎಂಬುದರ ಮೇಲೆ ನಮ್ಮ ಮಕ್ಕಳ ಸುರಕ್ಷತೆ ನಿಂತಿದೆ. ನಿಷೇಧದ ಘೋಷಣೆಯಿಂದ ಒಂದು ದಿನದ ಚಪ್ಪಾಳೆ ಸಿಗುತ್ತದೆ, ಕಂಪನಿಗಳಿಗೂ ಅದು ಹಗುರ: 16 ತುಂಬಿದ ಮರುದಿನ ಅದೇ ಯಂತ್ರ, ಅದೇ ಬಲೆ, ಅದೇ ಮಗು. ನಿಮ್ಮ ಶಾಸಕರು, ಸಂಸದರು ಮುಂದಿನ ಬಾರಿ ಮಕ್ಕಳ ಮೊಬೈಲ್ ಬಗ್ಗೆ ಮಾತಾಡಿದಾಗ, ಮಕ್ಕಳಿಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯ ಜೊತೆಗೆ, ಕಂಪನಿಗಳಿಗೆ ಏನು ಮಾಡುತ್ತೀರಿ ಎಂದೂ ಕೇಳಿ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.